ಮುಗಾ ಪತಂಗ, ಕೌಜುಗ ಮತ್ತು ನನ್ನ ಗಂಡ

ನಮ್ಮ ಮನೆಯ ಮೌಜಾದಾರ ಬೆಳಿಗ್ಗೆ ನಾಲ್ಕಕ್ಕೇ ಬಾಯಿ ತೆಗೆಯುತ್ತಾನೆ. ಊರಿನಲ್ಲಿ ಕಂದಾಯ ವಸೂಲಿ ಮಾಡುವ ನಿಜವಾದ ಮೌಜಾದಾರರು ಕೂಡ ಅಷ್ಟು ಜೋರಾಗಿ ಕಿರುಚಿದ್ದನ್ನು ನಾನು ಕೇಳಿಲ್ಲ. ಇವನು ಕೌಜುಗ ಹಕ್ಕಿ. ಸುಬನ್ಸಿರಿ ದಡದ ಜೌಗು ಹುಲ್ಲಿನಲ್ಲಿ ಇರುವ ಜಾತಿ; ಕಂದು ಮೈ, ಕಿತ್ತಳೆ ಕೊರಳು. ಆರು ವರ್ಷದ ಹಿಂದೆ ಆಚೆ ದಡದ ಹುಲ್ಲನ್ನು ಸುಟ್ಟು ಸಾಸಿವೆ ಬಿತ್ತಿದಾಗ ನನ್ನ ಗಂಡ ಡಿಂಬೇಶ್ವರ ಚಾಂಗ್ಮಾಯ್ ನಾಲ್ಕು ಮೊಟ್ಟೆಗಳನ್ನು ಟೋಪಿಯಲ್ಲಿ ಹಾಕಿಕೊಂಡು ಬಂದರು. ಕಾವಿಗೆ ಕೂತಿದ್ದ ಮನೆಕೋಳಿಯ ಕೆಳಗೆ ಇಟ್ಟರು. ಒಂದೇ ಬದುಕಿತು. ಆ ಒಂದೇ ನನ್ನ ಪ್ರಾಣ ತಿನ್ನಲು ಸಾಕಾಗಿದೆ.

ಹಿಂದೆ ನನ್ನ ಮಾವ ಇಂಥ ಸಾಕಿದ ಹಕ್ಕಿಯನ್ನು ಹುಲ್ಲಿನಲ್ಲಿಟ್ಟು ಕೂಗಿಸುತ್ತಿದ್ದರು. ತಮ್ಮ ಜಾಗಕ್ಕೆ ಯಾರೋ ಬಂದರೆಂದು ಕಾಡಿನವು ಜಗಳಕ್ಕೆ ಓಡಿ ಬಂದು ಸುತ್ತ ಹಾಸಿದ ಉರುಳಿಗೆ ಬೀಳುತ್ತಿದ್ದವು. ಈಗ ಹಿಡಿಯುವುದೂ ತಪ್ಪು, ಸಾಕುವುದೂ ತಪ್ಪು. ಅರಣ್ಯದ ಗಾರ್ಡು ನಮ್ಮ ಜಗಲಿಗೆ ಬಂದು, ಪಂಜರದ ಎದುರಿಗೇ ಕೂತು ಚಹಾ ಕುಡಿದು, "ಕೋಳಿ ಚೆನ್ನಾಗಿ ಬೆಳೆದಿದೆ ದಾದಾ" ಎಂದು ಹೇಳಿ ಹೋಗುತ್ತಾನೆ. ನನ್ನ ಗಂಡ ಉರುಳು ಮುಟ್ಟಿ ಎಷ್ಟೋ ವರ್ಷವಾಯಿತು. ಆದರೂ ವಾರಕ್ಕೊಮ್ಮೆ ಪಂಜರ ಹೊತ್ತುಕೊಂಡು ದಡದುದ್ದಕ್ಕೂ ಹೋಗಿ ಕೂಗಿಸಿಕೊಂಡು ಬರುತ್ತಾರೆ. ಯಾವುದಾದರೂ ಉತ್ತರ ಕೊಟ್ಟಿತೇ ಎಂದು ಕೇಳಿದರೆ, "ಇವತ್ತು ಗಾಳಿ ಸರಿ ಇರ್ಲಿಲ್ಲ" ಎನ್ನುತ್ತಾರೆ. ಎರಡು ವರ್ಷದಿಂದ ಅವರಿಗೆ ಗಾಳಿ ಸರಿಹೋಗಿಲ್ಲ.

ನನ್ನದು ಮುಗಾ ರೇಷ್ಮೆ. ಮನೆಯ ಹಿಂದೆ ಮೂವತ್ತೆರಡು ಸೋಮ್ ಮರಗಳಿವೆ, ಅವುಗಳ ಮೇಲೆ ಹುಳ ಬಿಟ್ಟು, ಕಾಗೆ ಕಣಜ ಓಡಿಸಿ, ಗೂಡು ಕಟ್ಟಿಸಿ ಚಿನ್ನದ ಬಣ್ಣದ ನೂಲು ತೆಗೆಯುವುದು ನನ್ನ ಕೆಲಸ. ಗೂಡುಗಳಲ್ಲಿ ಒಂದಷ್ಟನ್ನು ಬೀಜಕ್ಕೆಂದು ಎತ್ತಿಡಬೇಕು. ಅವುಗಳಿಂದ ಪತಂಗ ಹೊರಬರುತ್ತದೆ. ಹೆಣ್ಣನ್ನು ರೆಕ್ಕೆಯ ಬುಡಕ್ಕೆ ಹತ್ತಿನೂಲು ಸುತ್ತಿ ಖೋರಿಕಾಕ್ಕೆ, ಅಂದರೆ ಕೊಕ್ಕೆ ಬಗ್ಗಿಸಿದ ಒಣಹುಲ್ಲಿನ ಕಟ್ಟಿಗೆ, ಕಟ್ಟಿ ತೂಗುಹಾಕಿದರೆ ಕತ್ತಲಾದ ಮೇಲೆ ಅದರ ವಾಸನೆ ಹಿಡಿದು ಗಂಡು ಬಂದು ಕೂಡುತ್ತದೆ. ಮೊಟ್ಟೆ ಆ ಹುಲ್ಲಿನ ಮೇಲೇ ಬೀಳುತ್ತದೆ.

ನಮ್ಮಿಬ್ಬರ ಜಗಳ ಇದರ ಮೇಲೆಯೇ. ಮದುವೆಯಾಗಿ ಇಪ್ಪತ್ತೆರಡು ವರ್ಷ. ಮೊದಲು ಮಾವನ ಹಕ್ಕಿಗೂ ನನ್ನ ಪತಂಗಕ್ಕೂ ಹೋಲಿಕೆ ನಡೆಯುತ್ತಿತ್ತು, ಈಗ ಮೌಜಾದಾರನಿಗೂ ಪತಂಗಕ್ಕೂ.

"ನಿನ್ನ ಹುಳಕ್ಕೆ ಏನಿದೆ ಹೇಳು ರೂಪಹಿ ಅಮ್ಮ" ಎನ್ನುತ್ತಾರೆ. ರೂಪಹಿ ನಮ್ಮ ಮಗಳು, ಮದುವೆಯಾಗಿ ಜೋರ್ಹಾಟ್ ಕಡೆ ಇದ್ದಾಳೆ. "ರೆಕ್ಕೆ ಬಂತು ಅಂದ್ರೆ ಬಾಯಿ ಹೋಯ್ತು. ತಿನ್ನೋ ಹಾಗಿಲ್ಲ, ಕುಡಿಯೋ ಹಾಗಿಲ್ಲ. ಒಂದು ವಾರ ಇದ್ರೆ ಹೆಚ್ಚು. ನನ್ ಮೌಜಾದಾರನ್ನ ನೋಡು, ಏನ್ ಗಂಟಲು, ಏನ್ ಗತ್ತು!"

"ಬಾಯಿಲ್ಲ ಅಂತಲೇ ನಂಗೆ ಅದು ಇಷ್ಟ. ಈ ಮನೇಲಿ ಬಾಯಿರೋರು ಆಗ್ಲೇ ಜಾಸ್ತಿ ಆಗಿದ್ದಾರೆ."

"ನಂದೂ ಕರೆಯೋ ಹಕ್ಕಿ, ನಿಂದೂ ಕರೆಯೋ ಹುಳ. ಎರಡನ್ನೂ ಕಟ್ಟಿಹಾಕಿ ಕರೆಸ್ತೀವಿ. ಯಾವುದು ಮೇಲು ಅಂತ ಒಂದಿನ ಗೊತ್ತಾಗುತ್ತೆ."

ಗೊತ್ತಾಗುವ ದಿನ ಈ ಭಾದ್ರಪದದಲ್ಲಿ ಬಂತು. ಬಂದು ನನ್ನ ಹೊಟ್ಟೆ ಉರಿಸಿಬಿಟ್ಟಿತು.

ನನ್ನ ಬೀಜ ಅಂದರೆ ಅತ್ತೆಯ ಬೀಜ. ನಾನು ಈ ಮನೆಗೆ ಬಂದ ಮೂರನೆಯ ದಿನ ಅವರು ಮೊಟ್ಟೆ ತುಂಬಿದ ಒಂದು ಖೋರಿಕಾವನ್ನು ನನ್ನ ಕೈಗೆ ಕೊಟ್ಟು, "ಇದು ನಿಂದು, ಸಾಯಿಸಬೇಡ" ಎಂದಿದ್ದರು. ಬೇಲಿಯಾಚೆಯ ಮನೆಯಲ್ಲಿರುವ ದೊಡ್ಡ ಸೊಸೆ ಆಯೆತಿಗೂ ಒಂದು ಕೊಟ್ಟಿದ್ದರು. ಆಯೆತಿ ಮೂರೇ ವರ್ಷದಲ್ಲಿ ಕಳೆದುಕೊಂಡು, ಅಂದಿನಿಂದ ಸರ್ಕಾರಿ ರೇಷ್ಮೆ ಆಫೀಸಿನ ಬೀಜ ತರುತ್ತಾಳೆ. ನಾನು ಪ್ರವಾಹ, ರೋಗ, ಬಾಣಂತನ ಏನು ಬಂದರೂ ಆ ಸಾಲನ್ನು ಕಡಿಯಲು ಬಿಟ್ಟಿರಲಿಲ್ಲ. ಈ ಮನೆಯಲ್ಲಿ ಗದ್ದೆ ಗಂಡನದು, ದೋಣಿ ಗಂಡನದು, ಮರ ಮಾವನ ಹೆಸರಿನಲ್ಲಿದೆ. ಬೀಜ ಒಂದು ನನ್ನದು.

ಅತ್ತೆ ಎರಡು ಕಟ್ಟುಪಾಡು ಹೇಳಿದ್ದರು. ಹೊರಬಂದ ಗಂಡು ಪತಂಗವನ್ನು ಎರಡು ಬೆಳಗಿಗಿಂತ ಹೆಚ್ಚು ಬುಟ್ಟಿಯಲ್ಲಿ ಇಡಬಾರದು, ಬಿಟ್ಟುಬಿಡಬೇಕು. ನಮ್ಮದಾದರೆ ವಾಪಸ್ ಬರುತ್ತದೆ. ಎರಡನೆಯದು, ಬೀಜದ ಪತಂಗ ನೀರು ದಾಟಬಾರದು.

ಈ ಸಲ ಸೆಕೆ ಅಂದರೆ ಸೆಕೆ. ಎಂಬತ್ತು ಗೂಡು ಇಟ್ಟಿದ್ದೆ. ಸೋಮವಾರ ಸಂಜೆ ಗಂಡು ಹೊರಬರಲು ಶುರುವಾದವು, ಮಂಗಳವಾರ ರಾತ್ರಿಯ ಹೊತ್ತಿಗೆ ಮೂವತ್ತನಾಲ್ಕು. ಹೆಣ್ಣು ಒಂದೂ ಇಲ್ಲ. ಬುಟ್ಟಿಯೊಳಗೆ ಪಟಪಟ ಬಡಿದುಕೊಂಡು ರೆಕ್ಕೆ ಹರಿದುಕೊಳ್ಳುತ್ತಿದ್ದವು. ಬುಧವಾರ ಎರಡನೆಯ ಬೆಳಗು. ಅತ್ತೆ ತೀರಿ ಒಂಬತ್ತು ವರ್ಷವಾದರೂ ಅವರ ಮಾತು ಮೀರಲು ನನಗೆ ಧೈರ್ಯವಿಲ್ಲ. ಬುಟ್ಟಿಯ ಬಾಯಿ ಬಿಚ್ಚಿದೆ. ತಾಮ್ರದ ಬಣ್ಣದ ಮೂವತ್ತನಾಲ್ಕು ಗಂಡುಗಳೂ ಹೋದವು.

ಗುರುವಾರ ಸಂಜೆ ಹೆಣ್ಣುಗಳು ಬಂದವು. ಹಳದಿ ರೆಕ್ಕೆ, ತುಂಬಿದ ಹೊಟ್ಟೆ, ಒಂದಾದ ಮೇಲೊಂದು ಇಪ್ಪತ್ತು. ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಒಂದೇ ಒಂದು ದಿನ ತಡೆದಿದ್ದರೆ! ಗಂಡು ಸೇರದಿದ್ದರೂ ಹೆಣ್ಣು ಎರಡು ಮೂರು ದಿನದಲ್ಲಿ ಮೊಟ್ಟೆ ಹಾಕಿಬಿಡುತ್ತದೆ. ಅವು ಬರೀ ಹೊಟ್ಟು, ಮರಿಯಾಗುವುದಿಲ್ಲ.

ಇಂಥ ಸುದ್ದಿ ಆಯೆತಿಗೆ ಯಾರು ಮುಟ್ಟಿಸುತ್ತಾರೋ ನನಗೆ ಗೊತ್ತಿಲ್ಲ. ಬೇಲಿ ದಾಟಿ ಬಂದಳು, ನಾನು ಕೊಟ್ಟ ಅಡಿಕೆ ಬಾಯಿಗೆ ಹಾಕಿಕೊಂಡಳು, ನಿಧಾನವಾಗಿ ಅಗಿದಳು.

"ನಮ್ಮಲ್ಲಿ ಗಂಡು ರಾಶಿ ಬಿದ್ದಿದೆ ಪದುಮಿ. ಹತ್ತು ತಗೊಂಡ್ ಹೋಗು. ಆಫೀಸಿನ ಬೀಜ ಆದ್ರೇನು, ಗಂಡು ಗಂಡೇ ತಾನೇ? ಹುಟ್ಟಿದ್ದು ಯಾರ ಮಕ್ಕಳು ಅಂತ ಯಾರು ಕೇಳ್ತಾರೆ?"

"ನೀನೇ ಕೇಳ್ತೀಯ ಅಕ್ಕ. ಸಾಯೋವರೆಗೂ ಕೇಳ್ತಾ ಇರ್ತೀಯ."

"ಅಯ್ಯೋ, ಒಳ್ಳೇದು ಹೇಳೋಕೆ ಬಂದ್ರೆ! ಅತ್ತೆ ಬೀಜ ಅತ್ತೆ ಬೀಜ ಅಂತ ಮೆರೀತಿದ್ದೆ. ನೋಡೋಣ ಇನ್ನೆರಡು ದಿನ." ಅಡಿಕೆಯ ರಸ ಉಗಿದು ಹೋದಳು. ಉಗಿದದ್ದು ನನ್ನ ಬೇಲಿಯ ಒಳಗೇ.

ಆ ಸಂಜೆ ಅಂಗಳದ ಬಿದಿರಿನ ಗಳಕ್ಕೆ ಇಪ್ಪತ್ತು ಖೋರಿಕಾ ತೂಗುಹಾಕಿದೆ. ಬಿಟ್ಟ ಗಂಡುಗಳಲ್ಲಿ ಹತ್ತಾದರೂ ಹತ್ತಿರದಲ್ಲಿರುತ್ತವೆ ಎಂಬ ಆಸೆ. ಬಾವಲಿ, ಬೆಕ್ಕು, ಗೂಬೆ ಎಲ್ಲವನ್ನೂ ಕಾಯಬೇಕು. ಅರ್ಧ ರಾತ್ರಿ ನಾನು ಕೂತೆ, ಒಂದೂ ಬರಲಿಲ್ಲ. ನಂತರದ ಸರದಿ ಗಂಡನದು. ಮೂರು ರಾತ್ರಿಯಿಂದ ಕಣ್ಣು ಮುಚ್ಚದ ನಾನು ಚಾಪೆಗೆ ಬಿದ್ದವಳು ಬೆಳಗಿನವರೆಗೆ ಹೆಣ. ಮೌಜಾದಾರನ ಕೂಗು ಕೂಡ ಕೇಳಿಸಲಿಲ್ಲ. ಅಷ್ಟಕ್ಕೇ ನನಗೆ ಅನುಮಾನ ಬರಬೇಕಿತ್ತು.

ಎದ್ದು ಹೊರಗೆ ಬಂದರೆ ನನ್ನ ಗಂಡ ಬಿದಿರಿನ ಗಳದ ಕೆಳಗೆ ಕೂತಿದ್ದಾರೆ. ಪಕ್ಕದಲ್ಲಿ ಪಂಜರ. ಪಂಜರದ ಮೇಲೆ ಲಾಟೀನು ಇನ್ನೂ ಉರಿಯುತ್ತಿದೆ. ಮೌಜಾದಾರ ಹೊಟ್ಟೆ ಉಬ್ಬಿಸಿಕೊಂಡು ಕಣ್ಣು ಅರೆಮುಚ್ಚಿದ್ದಾನೆ. ಪಂಜರದ ಸುತ್ತ ನೆಲದ ಮೇಲೆ ತಾಮ್ರದ ಬಣ್ಣದ ರೆಕ್ಕೆಗಳು.

ಅವರು ಒಂದಷ್ಟು ರೆಕ್ಕೆಗಳನ್ನು ಬೊಗಸೆಯಲ್ಲಿ ಎತ್ತಿ ತೋರಿಸಿದರು. ಮುಖದಲ್ಲಿ ಎಂಥದೋ ಸಂತೋಷ. "ನೀನೇ ಗೆದ್ದೆ ಕಣೇ ರೂಪಹಿ ಅಮ್ಮ! ಒಂಬತ್ತು ಬಂದಿದ್ವು, ಎಣಿಸಿದೀನಿ. ಬಾಯಿಲ್ಲದೆ ಒಂಬತ್ತು ಜನರನ್ನ ಕರೆಸಿದ್ದಾವೆ ನಿನ್ನ ಹೆಣ್ಣುಗಳು! ಒಪ್ಕೊಂಡೆ, ನಾನು ಸೋತೆ. ನಿನ್ನ ಹುಳಾನೇ ಮೇಲು."

"ಲಾಟೀನು ಯಾರು ಹಚ್ಚಿದ್ದು?"

"ಬೆಕ್ಕು ಬಂದ್ರೆ ಮೌಜಾದಾರ ಕೂಗಿ ಎಬ್ಬಿಸ್ತಾನೆ ಅಂತ ಇಲ್ಲಿ ತಂದಿಟ್ಟೆ. ಅವನಿಗೆ ಕತ್ತಲು ಆಗಲ್ಲ, ನಿಂಗೊತ್ತಲ್ಲ. ಅದಕ್ಕೆ ಸಣ್ಣಗೆ ದೀಪ... ಆಮೇಲೆ ನಂಗೆ ಒಂಚೂರು ಜೊಂಪು..."

ಸೋಮ್ ಮರದ ನೆರಳಿನಲ್ಲಿ ಹುಟ್ಟಿ ಬೆಳೆದ ಮನುಷ್ಯ! ಗಂಡು ಪತಂಗ ದೀಪ ಕಂಡರೆ ಹೆಣ್ಣನ್ನೂ ಮರೆತು ಅದಕ್ಕೇ ಮುಗಿಬೀಳುತ್ತದೆ ಎಂದು ತೊಟ್ಟಿಲ ಕೂಸಿಗೂ ಗೊತ್ತಿರುವ ಊರಿದು. ಕೂಡಿಸುವ ರಾತ್ರಿ ನಮ್ಮ ಕಡೆ ಒಲೆಯ ಕೆಂಡಕ್ಕೂ ಬೂದಿ ಮುಚ್ಚುತ್ತಾರೆ. ಒಂಬತ್ತು ಗಂಡುಗಳು ಎಲ್ಲಿಂದಲೋ ನನ್ನ ಹೆಣ್ಣುಗಳ ಕರೆಗೆ ಬಂದು, ಕೈಯಳತೆಯಲ್ಲಿ ದಾರಿ ತಪ್ಪಿ, ಲಾಟೀನಿಗೆ ಬಡಿದು, ಕಂಬಿಯ ಸಂದಿಯಿಂದ ಆ ಹೊಟ್ಟೆಬಾಕನ ಬಾಯಿಗೆ ಬಿದ್ದವು. ನನ್ನ ಗಂಡ ಇದನ್ನು ಗೆಲುವು ಎಂದು ಬೊಗಸೆಯಲ್ಲಿ ಹಿಡಿದು ತಂದಿದ್ದಾರೆ.

ಕೈಗೆ ಸಿಕ್ಕಿದ್ದು ಪೊರಕೆ. ಎಸೆದೆ. ಲಾಟೀನು ಒಡೆಯಿತು. "ಆ ಹಕ್ಕೀನ ಇವತ್ತು ಸಾರು ಮಾಡ್ತೀನಿ!" ಎಂದು ಕೂಗಿದೆ. ಬೇಲಿಯ ಆಚೆ ಆಯೆತಿಯ ಕೆಮ್ಮು ಕೇಳಿಸಿತು. ಕೆಮ್ಮಲ್ಲ ಅದು, ನಗು.

ಒಂದು ಖೋರಿಕಾದ ಮೇಲೆ ಆಗಲೇ ಹೊಟ್ಟು ಮೊಟ್ಟೆ ಬೀಳಲು ಶುರುವಾಗಿತ್ತು. ಮಧ್ಯಾಹ್ನ ಇನ್ನೆರಡರ ಮೇಲೆ. ಬಿಟ್ಟವಳು ನಾನೇ, ನಿದ್ದೆ ಹೋದವಳು ನಾನೇ. ಹಾಗೆಂದು ನೆನಪಾದಾಗ ಗಂಡನ ಮೇಲಿನ ಸಿಟ್ಟು ಇನ್ನೂ ಹೆಚ್ಚಾಯಿತು.

ಮೂರು ಗಂಟೆಗೆ ಅವರು ಸ್ನಾನ ಮಾಡಿ ಬಂದು, ನೆಲದ ಮೇಲೆ ಕೆಂಪಂಚಿನ ಹೊಸ ವಸ್ತ್ರ, ಗಮೊಸಾ, ಹಾಸಿ, ಅದರ ಮೇಲೆ ಅಡಿಕೆ ವೀಳ್ಯ ಇಟ್ಟು ನನ್ನ ಮುಂದೆ ಮೊಣಕಾಲೂರಿದರು. ಊರಿನ ಪಂಚರ ಮುಂದೆ ತಪ್ಪು ಒಪ್ಪಿಕೊಳ್ಳುವ ಕ್ರಮ ಅದು. ಹೆಂಡತಿಯ ಮುಂದೆ ಯಾರೂ ಹಾಗೆ ಮಾಡಿದ್ದನ್ನು ನಾನು ಕಂಡಿಲ್ಲ.

"ನಾಟಕ ಸಾಕು" ಎಂದೆ.

"ನಾಟಕ ಅಲ್ಲ. ಒಂದು ಮಾತು ಕೇಳು. ಆಮೇಲೆ ಬೇಕಾದ್ರೆ ಸಾರು ಮಾಡು." ಅವರು ಒದ್ದೆ ಬೆರಳನ್ನು ಎತ್ತಿ ಹಿಡಿದರು. "ಗಾಳಿ ತಿರುಗಿದೆ. ನಿನ್ನೆ ಇಲ್ಲಿಂದ ಆಚೆ ದಡಕ್ಕೆ ಬೀಸ್ತಿತ್ತು, ಅದಕ್ಕೆ ಒಂಬತ್ತು ಬಂದ್ವು. ಇವತ್ತು ಆಚೆಯಿಂದ ಈಚೆಗೆ. ನಿನ್ನ ಹೆಣ್ಣುಗಳ ವಾಸನೆ ರಸ್ತೆ ಕಡೆ ಹೋಗುತ್ತೆ. ಲಾರಿಗಳು ಬರ್ತವೆ ಅಷ್ಟೆ."

ನಗು ಬಂತು. ನುಂಗಿದೆ.

"ಕರೆಯೋದನ್ನ ಅಂಗಳದಲ್ಲಿ ಕಟ್ಟಿ ಕೂರಬಾರದು. ಅಪ್ಪ ಹೇಳ್ತಿದ್ರು, ಇರೋ ಕಡೆಗೆ ಹೊತ್ಕೊಂಡು ಹೋಗ್ಬೇಕು ಅಂತ. ಉಳಿದ ಗಂಡು ಇದ್ರೆ ನದಿ ಬಿಟ್ಟುಹೋದ ಸತ್ತ ಹೊಳೆಯ ಆಚೆ ಹಳೇ ಸೋಮ್ ತೋಪಿನಲ್ಲಿ ಇರುತ್ತವೆ. ತೋಪಿನ ಆ ಕೊನೇಲಿ ಕಟ್ಟಿದ್ರೆ ಈ ಗಾಳಿ ತೋಪಿನ ಉದ್ದಕ್ಕೂ ಹಾಯ್ದು ಬರುತ್ತೆ."

"ಬೀಜ ನೀರು ದಾಟಬಾರದು."

"ಗಂಡನ್ನ ಎರಡನೇ ಬೆಳಿಗ್ಗೆ ಬಿಡ್ಬೇಕು ಅಂತಾನೂ ಇತ್ತು" ಎಂದರು. ಅಷ್ಟು ಹೇಳಿ ತಲೆ ತಗ್ಗಿಸಿದರು.

ಅತ್ತೆಯನ್ನು ಮನಸ್ಸಿನಲ್ಲೇ ಬೈದೆ, ತಕ್ಷಣ ಕೆನ್ನೆ ಬಡಿದುಕೊಂಡೆ. ಮೊಟ್ಟೆ ಹಾಕದ ಹೆಣ್ಣು ಹದಿನೇಳು ಉಳಿದಿದ್ದವು. ಖೋರಿಕಾಗಳನ್ನು ಚಾಲನಿಯಲ್ಲಿ, ನಮ್ಮ ಅಗಲ ಬಿದಿರು ಜರಡಿಯಲ್ಲಿ, ಸಾಲಾಗಿ ಮಲಗಿಸಿ ಅದೇ ಗಮೊಸಾ ಮುಚ್ಚಿದೆ. ಅಡಿಕೆಯನ್ನು ಮಾತ್ರ ಬಾಯಿಗೆ ಹಾಕಿಕೊಳ್ಳಲಿಲ್ಲ. ಕ್ಷಮಿಸಿದ್ದೇನೆ ಎಂದು ಅವರು ತಿಳಿದುಕೊಳ್ಳುವುದು ಬೇಡವಾಗಿತ್ತು.

ದೋಣಿ ಹತ್ತಲು ಹೋದರೆ ಅಲ್ಲಿ ಪಂಜರ ಕೂತಿದೆ, ಮೇಲೆ ಕಪ್ಪು ಬಟ್ಟೆ.

"ಇದು ಯಾಕೆ?"

"ಒಬ್ಬನೇ ಬಿಟ್ಟು ಬಂದ್ರೆ ಆಯೆತಿ ಅತ್ತಿಗೆ ಬೆಕ್ಕು ಬಿಡಲ್ಲ. ಬಟ್ಟೆ ಮುಚ್ಚಿದ್ರೆ ಉಸಿರೆತ್ತಲ್ಲ ಇವನು. ಲಾಟೀನು ನೀನೇ ಒಡೆದಿದ್ದೀಯಲ್ಲ, ಇನ್ನೇನು ಭಯ?"

ಜಗಳಕ್ಕೆ ಹೊತ್ತಿರಲಿಲ್ಲ. ನೀರಿನ ನಡುವೆ ಬಂದಾಗ ಗಮೊಸಾವನ್ನು ಎರಡೂ ಕೈಯಿಂದ ಒತ್ತಿ ಹಿಡಿದು, ಅಮ್ಮ, ನೋಡಬೇಡಿ ಎಂದು ಅತ್ತೆಯನ್ನು ಬೇಡಿಕೊಂಡೆ.

ತೋಪಿನ ಕೊನೆಯ ಮರಗಳಿಗೆ ಖೋರಿಕಾ ತೂಗುಹಾಕಿದೆವು. ಎತ್ತರ ನಾನು ನೋಡಿದೆ, ಗಾಳಿ ಅವರು ನೋಡಿದರು. ಆಮೇಲೆ ಬೀಡಿ ಇಲ್ಲ, ಬೆಂಕಿ ಇಲ್ಲ, ಮಾತಿಲ್ಲ. ಅವರು ಕವಣೆ ಹಿಡಿದು ಮರದ ಬುಡದಲ್ಲಿ ಕೂತವರು ಅಲ್ಲಾಡಲಿಲ್ಲ. ಜೊಂಪು ಬಂದಾಗಲೆಲ್ಲ ತಮ್ಮ ತೊಡೆಯನ್ನು ತಾವೇ ಚಿವುಟಿಕೊಳ್ಳುವುದು ನನಗೆ ಗೊತ್ತಾಗುತ್ತಿತ್ತು. ನಾನು ಕೇಳಿಸಿಕೊಳ್ಳುತ್ತಿದ್ದೆ. ಏನೂ ಕೇಳಿಸಲಿಲ್ಲ. ಮುಗಾ ಹೆಣ್ಣು ಕರೆಯುವಾಗ ಎಲೆಯೂ ಮಿಸುಕುವುದಿಲ್ಲ.

ಬೆಳಕು ಹರಿಯಿತು. ಮೊದಲ ಖೋರಿಕಾದಲ್ಲಿ ಹೆಣ್ಣು ಒಂಟಿ. ಎರಡನೆಯದು ಒಂಟಿ. ಮೂರು, ನಾಲ್ಕು, ಐದು, ಎಲ್ಲ ಒಂಟಿ. ಆರನೆಯದರಲ್ಲಿ ಹಳದಿ ರೆಕ್ಕೆಯ ಬೆನ್ನಿಗೆ ತಾಮ್ರದ ರೆಕ್ಕೆ. ನನ್ನ ಬಾಯಿಂದ ಒಂದು ಸದ್ದು ಹೊರಟಿತು. ಮುಂದೆ ಹೋದೆ. ಹದಿನೇಳರಲ್ಲಿ ಮೂರು ಜೋಡಿ. ಮೂರೇ ಮೂರು, ಅದೂ ಒಂದು ಗಂಡಿನ ಅರ್ಧ ರೆಕ್ಕೆ ಹರಿದಿತ್ತು. ನನ್ನ ಬುಟ್ಟಿಯಲ್ಲಿ ಬಡಿದುಕೊಂಡು ಹರಿದದ್ದೇ ಇರಬೇಕು. ಮೂರು ಹೆಣ್ಣು ಅಂದರೆ ನಾನೂರು ಮೊಟ್ಟೆಯ ಮೇಲೆ. ಕಾರ್ತಿಕದ ಬೆಳೆಗೆ ಸಾಲದು, ಈ ವರ್ಷ ನೂಲಿನ ಮಾತೇ ಇಲ್ಲ. ಆದರೆ ಸಾಲು ಕಡಿಯಲಿಲ್ಲ. ನಾನು ಅಲ್ಲೇ ಒದ್ದೆ ಹುಲ್ಲಿನಲ್ಲಿ ಕೂತು ಅತ್ತುಬಿಟ್ಟೆ.

"ನೋಡಿದ್ರಾ" ಎಂದು ತಿರುಗಿದೆ. ಇಪ್ಪತ್ತೆರಡು ವರ್ಷದಿಂದ ಕೂಡಿಟ್ಟ ಮಾತೆಲ್ಲ ನಾಲಿಗೆಯ ತುದಿಗೆ ಬಂದಿತ್ತು. ಬಾಯಿಲ್ಲದ್ದು ಎರಡು ಸಲ ಕರೆದು ಎರಡು ಸಲವೂ ಕರೆಸಿಕೊಂಡಿತು, ಈಗ ಹೇಳಿ ಯಾವುದು ಮೇಲು ಎಂದು ಕೇಳುವವಳಿದ್ದೆ.

ಅವರು ಅಲ್ಲಿರಲಿಲ್ಲ. ಪಂಜರ ಎತ್ತಿಕೊಂಡು ತೋಪಿನ ಆಚೆ ಹೋಗಿದ್ದರು. ಅಲ್ಲಿ ಸಾಸಿವೆ ಗದ್ದೆಗೂ ನೀರಿಗೂ ನಡುವೆ ಒಂದು ಪಟ್ಟಿ ಹಳೆಯ ಹುಲ್ಲು ಉಳಿದಿದೆ. ಮೌಜಾದಾರನ ಮೊಟ್ಟೆ ಸಿಕ್ಕಿದ್ದು ಅಲ್ಲಿಯೇ. ಅವರು ಕಪ್ಪು ಬಟ್ಟೆ ತೆಗೆದರು. ಹಕ್ಕಿ ಮೈ ಕೊಡವಿ, ಕೊರಳು ಚಾಚಿ ಕೂಗಿತು. ಮನೆಯಲ್ಲಿ ತಲೆನೋವು ಬರಿಸುವ ಆ ಕೂಗು ಬಯಲಿನಲ್ಲಿ ಬೇರೆಯೇ ಆಗಿತ್ತು. ದೂರದವರೆಗೆ ಹೋಯಿತು. ಹೋಗಿ ಅಲ್ಲೇ ಮುಗಿಯಿತು.

ಅವರು ಪಂಜರದ ಬಾಗಿಲು ತೆಗೆದರು. ಹಕ್ಕಿ ಹೊರಗೆ ಬಂದು ಗೆದ್ದಲುಗುಡ್ಡ ಹತ್ತಿ ಮತ್ತೆ ಕೂಗಿತು. ತಲೆ ವಾರೆ ಮಾಡಿ ಕಾಯಿತು. ನನ್ನ ಗಂಡನೂ ಕಿವಿಯ ಹಿಂದೆ ಕೈ ಇಟ್ಟುಕೊಂಡು ಕಾದರು. ಸಾಸಿವೆ ಗದ್ದೆಯ ಕಡೆಯಿಂದ ಒಂದು ಪಂಪಿನ ಸದ್ದು ಬಿಟ್ಟರೆ ಏನಿಲ್ಲ. ಮೂರನೆಯ ಸಲ ಕೂಗಿತು. ನಾಲ್ಕನೆಯ ಸಲ.

ನಿದ್ದೆಗೆಟ್ಟ ಕಣ್ಣು, ಅತ್ತ ಗಂಟಲು. ಆ ಕೂಗನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ. "ಯಾರೂ ಇಲ್ಲ ಕಣೋ ಅಲ್ಲಿ!" ಎಂದು ಕಿರುಚಿದೆ. "ಒಬ್ಬರೂ ಉಳಿದಿಲ್ಲ! ಯಾರಿಗೆ ಅಂತ ಬಡ್ಕೋತೀಯ, ಬಾಯಿ ಮುಚ್ಚೋ!"

ನನ್ನ ಗಂಡ ತಿರುಗಿ ನೋಡಿದರು. ಸಿಟ್ಟಿರಲಿಲ್ಲ. "ಮೆಲ್ಲಗೆ" ಎಂದರು. "ನಂಗೊತ್ತು. ಅವನಿಗೆ ಹೇಳ್ಬೇಡ."

ಮೌಜಾದಾರ ಗುಡ್ಡ ಇಳಿದು, ಎರಡು ಹುಳ ಕುಕ್ಕಿ, ಯಾರೂ ಕರೆಯದೆಯೇ ನಡೆದು ಬಂದು ಪಂಜರದೊಳಗೆ ಕೂತ. ಅವರು ಬಾಗಿಲು ಹಾಕಿದರು. ಕೊಂಡಿ ಸಿಕ್ಕಿಸಲು ತುಂಬಾ ಹೊತ್ತು ಹಿಡಿಯಿತು.

ದೋಣಿಯಲ್ಲಿ ನನ್ನ ಮಡಿಲಿನ ಮೇಲೆ ಚಾಲನಿ, ಅದರಲ್ಲಿ ಮೂರು ಜೋಡಿ. ಅವರ ಕಾಲ ಬಳಿ ಪಂಜರ. ಅವರು ನನ್ನ ಮುಖ ನೋಡದೆ ಹುಟ್ಟು ಹಾಕುತ್ತಿದ್ದರು. ನಾನು ಸೊಂಟದ ಗಂಟು ಬಿಚ್ಚಿ, ನಿನ್ನೆ ಅವರು ಇಟ್ಟಿದ್ದ ಅಡಿಕೆಯನ್ನು ತೆಗೆದು ಬಾಯಿಗೆ ಹಾಕಿಕೊಂಡೆ. ಅರ್ಧ ಹೊಳೆ ದಾಟಿದ ಮೇಲೆ, ಅವರು ಏನೂ ಕೇಳದಿದ್ದರೂ ನಾನೇ ಹೇಳಿದೆ.

"ಇವತ್ತು ಗಾಳಿ ಸರಿ ಇರ್ಲಿಲ್ಲ."